ಎರೆಭೂತ ಮತ್ತು ತಣಮೋರ: ಒಂದೇ ಕುಟುಂಬದ ಎರಡು ಹಕ್ಕಿಗಳು

ಸೊಲ್ಲಾಪುರದ ನಾನ್ನಜ್‌ನಿಂದ ಹಿಂದಿನ ಕರ್ನೂಲು ಜಿಲ್ಲೆಯ ರೋಳ್ಳಪಾಡುವರೆಗೆ ಹರಡಿರುವ ಒಣ ಹುಲ್ಲುಗಾವಲುಗಳಿಗೆ ಹೆಸರು ತಂದ ಹಕ್ಕಿ ಎರೆಭೂತ. ದೊರವಾಯನ ಹಕ್ಕಿ ಎಂದೂ ಕರೆಯುವ ಇದು ಮರಾಠಿಯಲ್ಲಿ ಮಾಳಢೋಕ, ತೆಲುಗಿನಲ್ಲಿ ಬಟ್ಟಮೇಕ. ಇದರ ಕಿರಿಯ ಬಂಧುವನ್ನು ಮರಾಠಿಗರು ತಣಮೋರ ಎಂದೂ ತೆಲುಗರು ನೇಲ ನೆಮಲಿ, ಅಂದರೆ ನೆಲದ ನವಿಲು, ಎಂದೂ ಕರೆಯುತ್ತಾರೆ.

ವರ್ಗೀಕರಣ

ಎರಡೂ ಓಟಿಡಿಫಾರ್ಮಿಸ್ ಗಣದ ಓಟಿಡಿಡೇ ಕುಟುಂಬಕ್ಕೆ ಸೇರಿವೆ. ಹಿಂದೆ ಈ ಕುಟುಂಬವನ್ನು ಕೊಕ್ಕರೆಯನ್ನು ಹೋಲುವ ಕ್ರೌಂಚಗಳ ಗಣದಲ್ಲಿ ಇರಿಸಲಾಗಿತ್ತು. ಜಾತಿಯಲ್ಲಿ ಇವು ಬೇರೆಯಾಗುತ್ತವೆ. ಎರೆಭೂತ ಆರ್ಡಿಯೋಟಿಸ್ ನೈಗ್ರಿಸೆಪ್ಸ್. ಆಫ್ರಿಕ, ಅರೇಬಿಯ, ಆಸ್ಟ್ರೇಲಿಯಗಳಲ್ಲಿ ಇದೇ ಜಾತಿಯ ಇತರ ಮೂರು ಪ್ರಭೇದಗಳಿವೆ. ತಣಮೋರ ಸಿಫಿಯೋಟೈಡಿಸ್ ಇಂಡಿಕಸ್. ಈ ಜಾತಿಯಲ್ಲಿ ಇದೊಂದೇ ಪ್ರಭೇದ. ಆದುದರಿಂದ ಇದು ಅಳಿದರೆ ಒಂದು ಜಾತಿಯೇ ಅಳಿದಂತೆ.

ರೂಪ ಮತ್ತು ಸಂತಾನ

ಎರೆಭೂತ ಸುಮಾರು 1 ಮೀಟರ್ ಎತ್ತರ ನಿಲ್ಲುತ್ತದೆ. ಗಂಡು 15 ಕಿಲೋಗ್ರಾಂವರೆಗೂ ತೂಗಬಲ್ಲದು. ತಣಮೋರದ ತೂಕ 1 ಕಿಲೋಗ್ರಾಂಗಿಂತ ಕಡಿಮೆ, ಇಲ್ಲಿ ಹೆಣ್ಣೇ ದೊಡ್ಡದು. ಎರೆಭೂತದ ಗಂಡು ಕತ್ತಿನ ಚೀಲವನ್ನು ಉಬ್ಬಿಸಿ ಗಂಭೀರ ಧ್ವನಿಯಿಂದ ಹೆಣ್ಣನ್ನು ಕರೆಯುತ್ತದೆ. ತಣಮೋರದ ಗಂಡು ಮಳೆಗಾಲದಲ್ಲಿ ಹುಲ್ಲಿನ ಮೇಲಕ್ಕೆ ಮತ್ತೆಮತ್ತೆ ಚಿಮ್ಮುತ್ತದೆ. ತಣಮೋರ ಸಾಮಾನ್ಯವಾಗಿ 3-4 ಮೊಟ್ಟೆಗಳನ್ನಿಟ್ಟರೆ ಎರೆಭೂತ ಇಡುವುದು ಸಾಮಾನ್ಯವಾಗಿ ಒಂದೇ. ಅದು ನಷ್ಟವಾದರೆ ಆ ಗೂಡಿನ ಶ್ರಮವೆಲ್ಲ ವ್ಯರ್ಥ.

ಸಂರಕ್ಷಣಾ ಸ್ಥಿತಿ

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಎರಡೂ ಇಂದು ‘ತೀವ್ರ ಅಪಾಯದಲ್ಲಿರುವ’ ಪ್ರಭೇದಗಳು: ಎರೆಭೂತ 2011ರಿಂದ, ತಣಮೋರ 2021ರಿಂದ. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಉಳಿದಿರುವ ಎರೆಭೂತಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಪ್ರದೇಶದಲ್ಲಿವೆ. ಅಲ್ಲಿ 2019ರಲ್ಲಿ ಮೊಟ್ಟೆಗಳನ್ನು ಸಂಗ್ರಹಿಸಿ ಮರಿ ಬೆಳೆಸುವ ಕಾರ್ಯ ಆರಂಭವಾಯಿತು.

ಕಾಯ್ದೆ ಬೇಟೆಯನ್ನು ತಡೆಯಬಲ್ಲದು, ಹುಲ್ಲುಗಾವಲನ್ನು ಬೆಳೆಸಲಾರದು. ನೀರಾವರಿ, ಉಳುಮೆ, ಹುಲ್ಲು ನೆಲದಲ್ಲಿ ಮರ ನೆಡುವ ಯೋಜನೆಗಳು, ಬೀದಿನಾಯಿಗಳು ಎರಡನ್ನೂ ಕಾಡುತ್ತಿವೆ. ಭಾರವಾದ ದೇಹದ, ಮುಂದಿನ ನೋಟ ಕಿರಿದಾದ ಎರೆಭೂತಕ್ಕೆ ವಿದ್ಯುತ್ ತಂತಿಗಳೂ ಮಾರಕ. ಸರಕಾರಿ ದಾಖಲೆಗಳು ಬಂಜರು ಎಂದು ಬರೆದ ಭೂಮಿಯೇ ಇವುಗಳ ಮನೆ. ಎರೆ ಎಂದರೆ ಕಪ್ಪು ಮಣ್ಣು. ನಮ್ಮ ಹಿರಿಯರು ಆ ನೆಲದ ಹೆಸರನ್ನೇ ಹಕ್ಕಿಗೆ ಇಟ್ಟರು. ಗಡಿಯ ಈಚೆ ಆಚೆ ಮೂರು ಭಾಷೆಗಳಲ್ಲಿ ಹೆಸರಿರುವ ಹಕ್ಕಿ ಹೆಸರಾಗಿ ಮಾತ್ರ ಉಳಿಯಬಾರದು.