ದೈತ್ಯ ಕಪ್ಪೆಚಿಪ್ಪು: ಅಕ್ವೇರಿಯಂ ಪಾಲನೆ

ಹಿಂದೂ ಮಹಾಸಾಗರ ಹಾಗೂ ಪಶ್ಚಿಮ ಶಾಂತಸಾಗರಗಳ ಹವಳದ ದಿಬ್ಬಗಳಲ್ಲಿ ವಾಸಿಸುವ, ಟ್ರೈಡಾಕ್ನ ಜಾತಿಗೆ ಸೇರಿದ ದ್ವಿಕವಾಟಿ ಮೃದ್ವಂಗಿ. ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ಭಕ್ಷಿಸುವುದಲ್ಲದೆ, ತನ್ನ ವರ್ಣಮಯವಾದ ಮೈಮಡಿಕೆಯಲ್ಲಿ ಆಶ್ರಯ ಪಡೆದಿರುವ ಏಕಕೋಶ ಶೈವಲಗಳು ದ್ಯುತಿಸಂಶ್ಲೇಷಣೆಯಿಂದ ಸಿದ್ಧಪಡಿಸುವ ಆಹಾರದಿಂದಲೂ ಇದು ಪೋಷಣೆ ಹೊಂದುವುದರಿಂದ, ಕೃತಕ ತೊಟ್ಟಿಯಲ್ಲಿ ಪ್ರಖರವಾದ ಬೆಳಕು ಇದಕ್ಕೆ ಅತ್ಯಾವಶ್ಯಕ.

ತೊಟ್ಟಿಯ ತಳಕ್ಕೆ ಮರಳಿನ ಹಾಸು ಬೇಕೆ ಬೇಡವೆ ಎಂಬುದು ಪ್ರಭೇದವನ್ನು ಅವಲಂಬಿಸಿದೆ. ಕ್ರೋಸಿಯ ಪ್ರಭೇದವು ನಿಸರ್ಗದಲ್ಲಿ ಹವಳದ ಕಲ್ಲನ್ನು ಕೊರೆದು ಅದರೊಳಗೇ ಹುದುಗಿರುವುದು. ಮ್ಯಾಕ್ಸಿಮವು ಭಾಗಶಃ ಹುದುಗಿ, ಬಿಸ್ಸಸ್ ಎಂಬ ದೃಢವಾದ ತಂತುಗಳಿಂದ ಶಿಲೆಯನ್ನು ಹಿಡಿದಿರುವುದು. ಆದುದರಿಂದ ಇವೆರಡಕ್ಕೂ ಕಲ್ಲೇ ಯೋಗ್ಯವಾದ ಆಸರೆ. ಡೆರಾಸ, ಗೈಗಾಸ್ ಪ್ರಭೇದಗಳಾದರೋ ಪ್ರೌಢಾವಸ್ಥೆಯಲ್ಲಿ ತಂತುಗಳನ್ನು ತೊರೆದು ಸ್ವಭಾರದಿಂದಲೇ ನಿಲ್ಲುವುವಾದ್ದರಿಂದ ಮರಳಿನ ಮೇಲೆ ಸುಖವಾಗಿ ಬಾಳುತ್ತವೆ. ಎಳೆಯ ಚಿಪ್ಪನ್ನು ಮರಳಿನಲ್ಲಿಡುವಾಗ ಅದರಡಿ ಚಪ್ಪಟೆ ಕಲ್ಲೊಂದನ್ನು ಹೂಳುವುದು ವಿಹಿತ. ಮರಳಿಲ್ಲದ ತೊಟ್ಟಿಯಲ್ಲಿಯೂ ಇಂತಹ ಕಲ್ಲನ್ನಿಟ್ಟರೆ ಜೀವಿಯು ಗಾಜಿಗೆ ಅಂಟುವ ಸಂಭವ ಕಡಿಮೆಯಾಗಿ, ಮುಂದೆ ಕಲ್ಲಿನೊಡನೆಯೇ ಸ್ಥಳಾಂತರಿಸುವುದು ಸುಲಭವಾಗುತ್ತದೆ. ಅಂಟಿದ ಚಿಪ್ಪನ್ನು ಬಲಾತ್ಕಾರವಾಗಿ ಕಿತ್ತರೆ ತಂತುಗಳು ಹುಟ್ಟುವ ಅಂಗಕ್ಕೆ ಗಾಯವಾಗಿ ಪ್ರಾಣಹಾನಿ ಸಂಭವಿಸಬಹುದು.

ಚಿಪ್ಪಿನ ಬೆಳವಣಿಗೆಗಾಗಿ ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ ಸ್ಥಿರವಾದ ಕ್ಷಾರೀಯತೆಯನ್ನೂ, ಸುಮಾರು 25ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ ಕಾಪಾಡಬೇಕು. ಒಂದು ಮೀಟರಿಗೂ ಮಿಗಿಲಾಗಿ ಬೆಳೆಯಬಲ್ಲ ಗೈಗಾಸ್ ಗೃಹೋಪಯೋಗಿ ತೊಟ್ಟಿಗೆ ತಕ್ಕುದಲ್ಲ. ಲಕ್ಷದ್ವೀಪ, ಅಂಡಮಾನ್ ಸಮುದ್ರಗಳಲ್ಲಿರುವ ಮ್ಯಾಕ್ಸಿಮ ಮತ್ತು ಸ್ಕ್ವಾಮೋಸ ಪ್ರಭೇದಗಳಿಗೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.