ಸರ್ಪಗಂಧದಿಂದ ಡೋಪಮಿನ್ನಿನವರೆಗೆ

ಸರ್ಪಗಂಧದ ಬೇರು ಉನ್ಮಾದಕ್ಕೂ ನಿದ್ರಾಹೀನತೆಗೂ ಔಷಧವೆಂಬುದನ್ನು ಭಾರತದ ವೈದ್ಯರು ಬಹುಕಾಲದಿಂದ ಬಲ್ಲವರಾಗಿದ್ದರು. ಆದರೆ ಮನುಷ್ಯನನ್ನು ಕಾರ್ಯಕ್ಕೆ ಪ್ರೇರಿಸುವ ಶಕ್ತಿಯ ಮೂಲವನ್ನು ಅರಸಿ ಹೊರಟ ವಿಜ್ಞಾನಕ್ಕೆ ಅದೇ ಬೇರು ದಾರಿಯಾದೀತೆಂದು ಅವರಾರೂ ಊಹಿಸಿರಲಾರರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಗುಣಗಳನ್ನು ವೈದ್ಯಪತ್ರಿಕೆಯೊಂದರಲ್ಲಿ ವಿವರಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ಮೇಲೆ ಅದಕ್ಕಿರುವ ಪ್ರಭಾವವನ್ನು ಲೋಕಕ್ಕೆ ತಿಳಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಅದರ ಸಾರವಾದ ರೆಸರ್ಪಿನ್ನನ್ನು ಬೇರ್ಪಡಿಸಿದರು. ರಕ್ತದೊತ್ತಡವೇನೋ ಇಳಿಯಿತು, ಆದರೆ ಅದನ್ನು ಸೇವಿಸಿದ ಕೆಲವರಿಗೆ ಯಾವ ಕೆಲಸದಲ್ಲಿಯೂ ಆಸಕ್ತಿಯಿಲ್ಲದಂತಹ ವಿಷಣ್ಣತೆ ಕವಿಯಿತು. ಆಲಸ್ಯವನ್ನು ಕೇವಲ ಶೀಲದೋಷವೆಂದು ಎಣಿಸುವವರು ಈ ಸಂಗತಿಯನ್ನು ನಿಂತು ಯೋಚಿಸಬೇಕೆಂದು ನನಗೆ ತೋರುತ್ತದೆ.

ಸ್ವೀಡನ್ನಿನ ಲುಂಡ್ ನಗರದಲ್ಲಿ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಮೊಲಗಳಿಗೆ ರೆಸರ್ಪಿನ್ ಕೊಟ್ಟಾಗ ಅವು ನಿಶ್ಚೇಷ್ಟಿತವಾಗಿ ಕುಳಿತುಬಿಟ್ಟವು. ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಪೂರ್ವದ್ರವ್ಯವನ್ನು ಕೊಟ್ಟರೆ ಫಲವಾಗಲಿಲ್ಲ. ಎಲ್-ಡೋಪಾ ಎಂಬ ಇನ್ನೊಂದು ದ್ರವ್ಯವನ್ನು ಚುಚ್ಚಿದೊಡನೆ ಕೆಲವೇ ನಿಮಿಷಗಳಲ್ಲಿ ಅವು ಎಚ್ಚೆತ್ತು ಓಡಾಡತೊಡಗಿದವು. 1957ರಲ್ಲಿ ಪ್ರಕಟವಾದ ಈ ಪ್ರಯೋಗದ ಸ್ವಾರಸ್ಯವೆಲ್ಲ ಅದರ ಮುಂದಿನ ಶೋಧದಲ್ಲಿದೆ: ಎಚ್ಚೆತ್ತ ಪ್ರಾಣಿಯ ಮಿದುಳನ್ನು ಪರೀಕ್ಷಿಸಿದಾಗ, ರೆಸರ್ಪಿನ್ನಿನಿಂದ ಕುಗ್ಗಿದ್ದ ಇನ್ನೊಂದು ರಾಸಾಯನಿಕವಾದ ನಾರ್‌ಅಡ್ರಿನಲಿನ್ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಎಲ್-ಡೋಪಾದಿಂದ ಹುಟ್ಟುವ ಡೋಪಮಿನ್ ಮಾತ್ರ ತುಂಬಿಕೊಂಡಿತ್ತು. ಅದುವರೆಗೆ ಅಡ್ರಿನಲಿನ್ ಹಾರ್ಮೋನಿನ ತಯಾರಿಕೆಯಲ್ಲಿ ನಡುವೆ ಬಂದುಹೋಗುವ ಮೆಟ್ಟಿಲೆಂದಷ್ಟೇ ಪರಿಗಣಿತವಾಗಿದ್ದ ಡೋಪಮಿನ್, ಮಿದುಳಿನಲ್ಲಿ ತನ್ನದೇ ಆದ ಸ್ವತಂತ್ರ ಕಾರ್ಯವುಳ್ಳದ್ದೆಂದು ಹೀಗೆ ಗೋಚರವಾಯಿತು. ಅನೇಕ ಪಂಡಿತರು ಇದನ್ನು ಒಪ್ಪಲು ಹಿಂಜರಿದರಾದರೂ 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಪಾರಿತೋಷಕ ಸಂದಿತು.

ಆ ಎಲ್-ಡೋಪಾ ನಮ್ಮ ನಾಡಿಗೆ ಅಪರಿಚಿತವಲ್ಲ. ಮೈಗೆ ಸೋಕಿದರೆ ಸಹಿಸಲಾರದ ತುರಿಕೆ ಹುಟ್ಟಿಸುವ ನಸುಗುನ್ನಿಯ ಬೀಜದಿಂದ ಅದನ್ನು 1937ರಲ್ಲಿಯೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. ಆದರೆ ಮಿದುಳಿನಲ್ಲಿ ಅದರ ಪ್ರಯೋಜನವೇನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್, ಪಾರ್ಕಿನ್ಸನ್ ರೋಗದಿಂದ ಸತ್ತವರ ಮಿದುಳಿನಲ್ಲಿ ಡೋಪಮಿನ್ ಬಹುಮಟ್ಟಿಗೆ ಬತ್ತಿಹೋಗಿರುವುದನ್ನು ಕಂಡರು. ಮರುವರ್ಷ ಎಲ್-ಡೋಪಾ ಪಡೆದ ರೋಗಿಗಳು, ಏಳಲಾರದೆ ಮಲಗಿದ್ದವರೂ ಸಹ, ಎದ್ದು ನಡೆದರು.

ಹಾಗಾದರೆ ಪ್ರಾಣಿಯನ್ನು ಹೀಗೆ ಎಬ್ಬಿಸಿ ನಡೆಸುವ ಡೋಪಮಿನ್ ಸುಖದ ದ್ರವ್ಯವೂ ಹೌದೇ? ಬಹುಜನರು ಹಾಗೆಯೇ ನಂಬಿದ್ದರು. ಆದರೆ 1989ರಲ್ಲಿ ಮಿಚಿಗನ್ನಿನ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಡೋಪಮಿನ್ ನಾಶವಾದ ಇಲಿಗಳು ಆಹಾರವನ್ನು ತಾವಾಗಿ ಮುಟ್ಟದೆ ಇದ್ದರೂ, ಬಾಯಿಗೆ ಸಿಹಿನೀರು ಬಿಟ್ಟೊಡನೆ ಎಂದಿನಂತೆಯೇ ತುಟಿ ನೆಕ್ಕಿ ಚಪ್ಪರಿಸಿದವು. ಅವುಗಳಲ್ಲಿ ರುಚಿಯ ಅನುಭವ ಅಳಿದಿರಲಿಲ್ಲ. ಆ ರುಚಿಗಾಗಿ ಹೆಜ್ಜೆಯಿಡುವ ಪ್ರೇರಣೆಯೊಂದೇ ಅಳಿದಿತ್ತು.