ಬೇಕರಿ ಫ್ಯಾಕ್ಟರಿಯಾದ ಕಥೆ

ಅಮೆರಿಕದಲ್ಲಿ ಸ್ವಂತಕ್ಕೊಂದು ಸಣ್ಣ ಬಿಸಿನೆಸ್ ಇಟ್ಟುಕೊಂಡವರು ಟ್ಯಾಕ್ಸ್ ಫಾರಂನಲ್ಲಿ ಆರಂಕಿಯ ಒಂದು ಕೋಡ್ ತುಂಬಬೇಕು. ಬಹಳಷ್ಟು ಜನ ಅದನ್ನ ಪಿನ್‌ಕೋಡಿನ ಹಾಗೆ ಬರೆದು ಮುಂದೆ ಹೋಗ್ತಾರೆ. ನನಗೋ ಅದರ ಹಿಂದಿನ ಜಗಳ ಕುತೂಹಲದ್ದು. 'ತಯಾರಿಕೆ' ಅಂದ್ರೆ ಏನು ಅನ್ನೋ ಜಗಳ ಅದು.

1930ರ ದಶಕದಲ್ಲಿ ಇಲ್ಲಿನ ಒಂದೊಂದು ಇಲಾಖೆಯೂ ಕಾರ್ಖಾನೆಗಳನ್ನು ತನಗೆ ತೋಚಿದಂತೆ ವಿಂಗಡಿಸುತ್ತಿತ್ತು. ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗುತ್ತಿರಲಿಲ್ಲ. 1937ರಲ್ಲಿ ಇದಕ್ಕೊಂದು ಸಮಿತಿಯಾಯ್ತು. 1938ರಲ್ಲಿ ಮೊದಲು ಸಿದ್ಧವಾದದ್ದು ತಯಾರಿಕಾ ಉದ್ಯಮಗಳ ಪಟ್ಟಿ. ಇದೇ ಮುಂದೆ 'ಎಸ್‌ಐಸಿ' ಆಯಿತು. ನಾಲ್ಕಂಕಿಯ ಕೋಡ್, 20ರಿಂದ 39ರೊಳಗೆ ಶುರುವಾದರೆ ತಯಾರಿಕೆ. ಕೊನೆಯ ಪರಿಷ್ಕರಣೆ 1987ರಲ್ಲಿ.

1997ರಲ್ಲಿ ಕೆನಡಾ, ಮೆಕ್ಸಿಕೊ ಜತೆ ಸೇರಿ 'ಎನ್‌ಎಐಸಿಎಸ್' ತಂದರು. ತಯಾರಿಕೆಗೆ 31ರಿಂದ 33. ಇಲ್ಲಿ ಮುಖ್ಯವಾದದ್ದು ಯಾರಿಗೆ ಮಾರ್ತೀರಿ ಅನ್ನೋದಲ್ಲ, ಹೇಗೆ ಉತ್ಪಾದಿಸ್ತೀರಿ ಅನ್ನೋದು. ಪರಿಣಾಮ ನೋಡಿ: ಅಲ್ಲೇ ಬೇಯಿಸಿ ಅಲ್ಲೇ ಬ್ರೆಡ್ ಮಾರುವ ಬೇಕರಿ, ಹಳೇ ಪಟ್ಟಿಯಲ್ಲಿ ಚಿಲ್ಲರೆ ಅಂಗಡಿ, ಹೊಸದರಲ್ಲಿ 311811, ಅಂದರೆ ಕಾರ್ಖಾನೆ! ಅತ್ತ ಪತ್ರಿಕಾ ಪ್ರಕಾಶನ ತಯಾರಿಕೆಯಿಂದ ಹೊರಬಿದ್ದು 'ಮಾಹಿತಿ' ವಿಭಾಗ ಸೇರಿತು. ಮುದ್ರಣ ಮಾತ್ರ ತಯಾರಿಕೆಯಲ್ಲೇ ಉಳಿಯಿತು. ಒಲೆಯೂ ಬದಲಾಗಲಿಲ್ಲ, ಸಂಪಾದಕರ ಮೇಜೂ ಬದಲಾಗಲಿಲ್ಲ. ಆದರೂ ಕಾರ್ಖಾನೆ ಕೆಲಸಗಾರರ ಲೆಕ್ಕ ಬದಲಾಯಿತು.

ಬೇಕರಿಗೆ ಸಿಕ್ಕ ಪಟ್ಟ ಹ್ಯಾಂಬರ್ಗರ್ ಅಂಗಡಿಗೆ ಸಿಗಲಿಲ್ಲ. ಅದು ಸೇವಾ ವಲಯ. ಈ ಗೆರೆ ಎಲ್ಲಿ ಎಳೀಬೇಕು ಅಂತ 2004ರಲ್ಲಿ ಅಮೆರಿಕದ ಅಧ್ಯಕ್ಷರ ಆರ್ಥಿಕ ವರದಿಯೇ ಕೇಳಿತು. ಆಗ ದೊಡ್ಡ ಗೇಲಿಯೂ ಆಯ್ತು.

ಗೇಲಿಗಿಂತ ಗಂಭೀರವಾದದ್ದು ಆಮೇಲೆ ಬಂತು. ವಿನ್ಯಾಸ ಇಲ್ಲಿ, ಫ್ಯಾಕ್ಟರಿ ಬೇರೆಯವರದು, ಅದೂ ಎಷ್ಟೋ ಸಲ ಬೇರೆ ದೇಶದಲ್ಲಿ. ಇಂಥ ಕಂಪನಿಗಳನ್ನೂ 'ತಯಾರಕರು' ಅಂತ ಎಣಿಸೋಣ ಅನ್ನೋ ಪ್ರಸ್ತಾವ 2010ರ ಹೊತ್ತಿಗೆ ಬಂತು. ಒಂದೇ ಒಂದು ಯಂತ್ರ ಹೊಸದಾಗಿ ಓಡದೆ ದೇಶದ ತಯಾರಿಕೆ ಕಾಗದದ ಮೇಲೆ ಉಬ್ಬುತ್ತಿತ್ತು. ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. 2014ರಲ್ಲಿ ಅದನ್ನು ಕೈಬಿಟ್ಟರು. ಬಿಟ್ಟದ್ದೇ ಒಳ್ಳೇದಾಯ್ತು ಅಂತ ನನಗನಿಸುತ್ತೆ. ಮುಚ್ಚಿದ ಕಾರ್ಖಾನೆಯ ಊರಿಗೆ ನೆರವು ಬೇಕೋ ಬೇಡವೋ ಅನ್ನೋ ಚರ್ಚೆಯೂ ಇಂಥ ಅಂಕಿಗಳನ್ನೇ ನಂಬಿ ನಡೆಯುತ್ತೆ ತಾನೇ?

ಭಾರತದಲ್ಲೂ ಹೀಗೇ 'ಎನ್‌ಐಸಿ' ಕೋಡ್ ಇದೆ. ಪೀಣ್ಯದ ಸಣ್ಣ ವರ್ಕ್‌ಶಾಪಿನವರೂ ಉದ್ಯಮ್ ನೋಂದಣಿಗೆ ಅದನ್ನು ಆರಿಸಲೇಬೇಕು. ಮುಂದಿನ ಸಲ ತುಂಬುವಾಗ ಪಟ್ಟಿಯನ್ನೊಮ್ಮೆ ಓದಿ ನೋಡಿ. ಸರ್ಕಾರ ನಿಮ್ಮ ಕೆಲಸವನ್ನ ಏನಂತ ಕರೆಯುತ್ತೆ ಅನ್ನೋದು ಅಲ್ಲಿದೆ. ನಿಮಗದು ಒಪ್ಪಿಗೆಯೇ?